ಎರಡು ಅಂಕದ ನಿಷ್ಪಕ್ಷಪಾತ

ಒಳ್ಳೆಯ ಹೆಸರು ಸಂಪಾದಿಸುವುದು ಅಂಥ ಕಷ್ಟದ ಕೆಲಸವಲ್ಲ. ಸಂಪಾದಿಸಿದ್ದನ್ನು ಉಳಿಸಿಕೊಳ್ಳುವುದು ಕಷ್ಟ, ಮತ್ತು ಆ ಕಷ್ಟವನ್ನು ಹೆಸರು ಪಡೆದವನಿಗಿಂತ ಹೆಚ್ಚಾಗಿ ಅವನ ಮನೆಯವರು ಪಡುತ್ತಾರೆ. ಹೊಸಪೇಟೆಯ ನಮ್ಮ ಹೈಸ್ಕೂಲಿನಲ್ಲಿ ನನಗೆ ನಿಷ್ಪಕ್ಷಪಾತಿ ಕನ್ನಡ ಮಾಸ್ತರ ಎಂಬ ಹೆಸರಿದೆ. ಸೇರಿದ ಹೊಸದರಲ್ಲಿ ಹೆಡ್ ಮಾಸ್ತರರ ಸೋದರಳಿಯನನ್ನು ಕಾಗುಣಿತ ತಪ್ಪಿದ್ದಕ್ಕಾಗಿ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಇಡೀ ಶಾಲೆ ನನ್ನ ಧೈರ್ಯವನ್ನು ಕೊಂಡಾಡಿತು. ಆ ಹುಡುಗ ಯಾರ ಸೋದರಳಿಯ ಎಂದು ನನಗೆ ಗೊತ್ತೇ ಇರಲಿಲ್ಲ ಎಂಬುದನ್ನು ಮಾತ್ರ ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ತೊಂದರೆ ಶುರುವಾದದ್ದು ನನ್ನ ಮಗಳು ಪಂಪಾ ಎಂಟನೆಯ ತರಗತಿಗೆ, ಅಂದರೆ ನನ್ನದೇ ತರಗತಿಗೆ ಬಂದಾಗ. ಮೊದಲ ದಿನವೇ ಕೂರಿಸಿಕೊಂಡು, ಶಾಲೆಯ ಗೇಟಿನೊಳಗೆ ನಾನು ನಿನ್ನ ಅಪ್ಪ ಅಲ್ಲ, ಸರ್ ಎಂದು ಗಂಭೀರವಾಗಿ ಹೇಳಿದೆ. ಆಕೆ ತನ್ನವ್ವನ ಹಾಗೆ, ಹೇಳಿದ್ದನ್ನು ಹೇಳಿದವನಿಗೇ ಬೇಸರ ಬರುವಷ್ಟು ನಿಷ್ಠೆಯಿಂದ ಪಾಲಿಸುವವಳು. ಮನೆಯಲ್ಲಿ ಊಟಕ್ಕೆ ಕುಳಿತಾಗಲೂ "ಸರ್, ಉಪ್ಪಿನಕಾಯಿ ಈ ಕಡಿ ಕೊಡ್ರಿ" ಅನ್ನತೊಡಗಿದಳು. ಹೆಂಡತಿ ಹಂಪಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ಒಳಗೆ ಹೋದಳು. ನಾನು ಉಪ್ಪಿನಕಾಯಿ ಕೊಟ್ಟೆ.

ಮಗಳೆಂಬ ಕಾರಣಕ್ಕೆ ಹೆಚ್ಚು ಅಂಕ ಕೊಟ್ಟ ಎಂದು ಯಾರೂ ಅನ್ನಬಾರದು. ಹಾಗಾಗಿ ಅರ್ಧ ಅಂಕದ ಅನುಮಾನ ಬಂದರೆ ಒಂದು ಅಂಕ ಕಡಿಮೆ ಮಾಡುತ್ತಿದ್ದೆ. ಅನುಮಾನ ಬರದಿದ್ದರೆ ಬರಿಸಿಕೊಳ್ಳುತ್ತಿದ್ದೆ. ಏನೂ ತಪ್ಪು ಸಿಗದಿದ್ದಾಗ ಕೆಳಗೆ ಕೆಂಪು ಶಾಯಿಯಲ್ಲಿ 'ಬರಹ ಸುಧಾರಿಸಲಿ' ಎಂದು ಬರೆಯುತ್ತಿದ್ದೆ. ಆ ವರ್ಷದ ಭಾಷಣ ಸ್ಪರ್ಧೆಗೆ ಅವಳನ್ನು ಬಿಟ್ಟು ಬೇರೊಬ್ಬನನ್ನು ಕಳಿಸಿದೆ. ಅವನು ವೇದಿಕೆ ಹತ್ತಿ, ಸಭೆಗೆ ನಮಸ್ಕಾರ ಮಾಡಿ, ಅಷ್ಟಕ್ಕೇ ಇಳಿದು ಬಂದ. ಪಂಪಾ ಏನಾದರೂ ಅಂದಿದ್ದರೆ ನನಗೆ ಬೈಯಲು ಅನುಕೂಲವಾಗುತ್ತಿತ್ತು.

ಈ ವರ್ಷ ಅವಳು ಒಂಬತ್ತನೆಯ ತರಗತಿ, ಅಲ್ಲಿಯೂ ಕನ್ನಡ ನನ್ನದೇ. ಕಮಲಾಪುರದಲ್ಲಿ ತಾಲ್ಲೂಕು ಭಾಷಣ ಸ್ಪರ್ಧೆ, ವಿಷಯ 'ನಿಷ್ಪಕ್ಷಪಾತ'. ಒಬ್ಬರನ್ನಷ್ಟೇ ಕಳಿಸಬೇಕು. ಪಂಪಾ ಎರಡು ವಾರದಿಂದ ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ನಿಂತು ಒಣಹಾಕಿದ ಬಟ್ಟೆಗಳಿಗೆ ಭಾಷಣ ಮಾಡುತ್ತಿದ್ದಳು. ನಾನು ನ್ಯಾಯವಾದ ದಾರಿ ಹುಡುಕಿದೆ. ಎಲ್ಲರೂ 'ನಿಷ್ಪಕ್ಷಪಾತ' ಎಂಬ ಪದ ಬಳಸಿ ಐದು ಸ್ವಂತ ವಾಕ್ಯ ಬರೆಯಬೇಕು, ಹತ್ತು ಅಂಕ, ಹೆಚ್ಚು ಬಂದವರು ಕಮಲಾಪುರಕ್ಕೆ. ಹಾಳೆಗಳ ಮೇಲಿನ ಹೆಸರಿನ ಮೇಲೆ ಗಣಿತದ ಹುಲಿಗೆಮ್ಮ ಟೀಚರ್ ಕಾಗದದ ಚೀಟಿ ಅಂಟಿಸಿ ಕೊಟ್ಟರು. ಇಂಥ ವ್ಯವಸ್ಥೆ ನಮ್ಮ ಶಾಲೆಯಲ್ಲಿ ಹಿಂದೆಂದೂ ಆಗಿರಲಿಲ್ಲ ಎಂದು ನಾನೇ ನಾಲ್ಕು ಜನರಿಗೆ ಹೇಳಿಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಹಾಳೆಗಳನ್ನು ಹರವಿಕೊಂಡು ಕುಳಿತೆ. 'ಹಂಪಿಯ ಮಂಗಗಳು ನಿಷ್ಪಕ್ಷಪಾತ ಪ್ರಾಣಿಗಳು, ವಿದೇಶದವರ ಬಾಳೆಹಣ್ಣನ್ನೂ ನಮ್ಮ ಬಾಳೆಹಣ್ಣನ್ನೂ ಒಂದೇ ರೀತಿ ಕಿತ್ತುಕೊಳ್ಳುತ್ತವೆ' ಎಂದು ಒಬ್ಬ ಬರೆದಿದ್ದ. ಇನ್ನೊಬ್ಬಳು 'ಸಂಡೂರಿನ ಗಣಿಯ ನಿಷ್ಪಕ್ಷಪಾತ ಧೂಳು ಸಾಹುಕಾರರ ಬಿಳಿ ಕಾರಿನ ಮೇಲೂ ನನ್ನ ಯೂನಿಫಾರ್ಮಿನ ಮೇಲೂ ಕೂರುತ್ತದೆ' ಎಂದಿದ್ದಳು. ದರೋಜಿ ಕರಡಿಧಾಮದ ಕರಡಿಯೂ ನಿಷ್ಪಕ್ಷಪಾತಿಯೇ ಅಂತೆ, ಜೀಪಿನಲ್ಲಿ ಬಂದ ಸಾಹೇಬರಿಗೂ ಬಸ್ಸಿನಲ್ಲಿ ಬಂದ ತಮಗೂ ಕಾಣಿಸಲಿಲ್ಲವಂತೆ. ಒಬ್ಬ ತನ್ನ ಅಜ್ಜಿಯ ಮೇಲೆ ದೂರು ಬರೆದಿದ್ದ: 'ಒಗ್ಗರಣೆ ಮಂಡಕ್ಕಿ ಹಾಕುವಾಗ ಶೇಂಗಾ ಎಲ್ಲ ತಮ್ಮನ ತಟ್ಟೆಗೆ ಬೀಳುವುದರಿಂದ ಅವಳು ನಿಷ್ಪಕ್ಷಪಾತ ಅಜ್ಜಿಯಲ್ಲ.' ಇಷ್ಟು ವರ್ಷ ನಾನು ಕಲಿಸಿದ ವ್ಯಾಕರಣಕ್ಕಿಂತ ಶೇಂಗಾ ಹೆಚ್ಚು ಕಲಿಸಿದೆ ಅನ್ನಿಸಿತು.

ಅಷ್ಟರಲ್ಲಿ ಒಂದು ಹಾಳೆ ಬಂತು. ದುಂಡು ಅಕ್ಷರ, ಬಾಲ ಸ್ವಲ್ಪ ಉದ್ದ. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇದು ಪಂಪಾಳದು. 'ನಿಷ್ಪಕ್ಷಪಾತ ನಲ್ಲಿಯ ಮುಂದೆ ಎಲ್ಲರ ಕೊಡಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ' ಎಂಬ ವಾಕ್ಯ ಓದಿ ಎದೆ ತುಂಬಿತು. ಐದೂ ವಾಕ್ಯಗಳಲ್ಲಿ ಒಂದು ತಪ್ಪಿಲ್ಲ. ಹತ್ತಕ್ಕೆ ಹತ್ತು ಬರೆದೆ. ಆಮೇಲೆ ನಿಷ್ಪಕ್ಷಪಾತಿ ಎಂಬ ನನ್ನ ಹೆಸರು ನೆನಪಾಗಿ, ಹತ್ತನ್ನು ಹೊಡೆದು ಎಂಟು ಮಾಡಿ, 'ಇನ್ನೂ ಆಳ ಬೇಕು' ಎಂದು ಷರಾ ಬರೆದೆ. ಎಲ್ಲಿ ಆಳ ಬೇಕು ಎಂದು ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಅದರ ಹಿಂದೆಯೇ ಮುದ್ರಣದ ಹಾಗೆ ನೆಟ್ಟಗಿನ ಅಕ್ಷರದ ಇನ್ನೊಂದು ಹಾಳೆ. 'ನಿಷ್ಪಕ್ಷಪಾತ ಅಂಪೈರ್ ಎನ್ನಿಸಿಕೊಳ್ಳಬೇಕೆಂದು ನಮ್ಮ ಓಣಿಯ ಅಣ್ಣ ತನ್ನ ತಮ್ಮ ಔಟಾಗದಿದ್ದರೂ ಬೆರಳು ಎತ್ತುತ್ತಾನೆ.' ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಂಪಮ್ಮನನ್ನು ಕರೆದು ಓದಿ ಹೇಳಿ, ಇಂಥ ದಡ್ಡರೂ ಇರುತ್ತಾರೆ ನೋಡು ಎಂದೆ. ಅವಳು ನನ್ನನ್ನು ಒಂದು ಕ್ಷಣ ನೋಡಿ, "ಇರ್ತಾರ ಬಿಡ್ರಿ" ಎಂದು ಹೋದಳು. ಒಂದು ಒತ್ತಕ್ಷರ ತಪ್ಪಿದ್ದರಿಂದ ಒಂಬತ್ತು ಕೊಟ್ಟೆ.

ಸೋಮವಾರ ಸ್ಟಾಫ್ ರೂಮಿನಲ್ಲಿ ಹುಲಿಗೆಮ್ಮ ಟೀಚರ್ ಚೀಟಿ ಕಿತ್ತರು. ಒಂಬತ್ತು ಅಂಕದ ಹಾಳೆ ಪಂಪಾಳದು. ಎಂಟು ಅಂಕದ್ದು ಗೌತಮಿಯದು. ಗೌತಮಿ ನಮ್ಮ ಪಕ್ಕದ ಮನೆಯ ಹುಡುಗಿ, ತೋರಣಗಲ್ಲಿನ ಕಾರ್ಖಾನೆಗೆ ಶಿಫ್ಟಿಗೆ ಹೋಗುವವರ ಮಗಳು. ಟೀಚರ್ ಎಲ್ಲರಿಗೂ ಕೇಳುವಂತೆ ಪಂಪಾಳ ಹೆಸರು ಓದಿ, "ಈ ಸರ್ತಿ ಚೀಟಿ ಅಂಟಿಸಿತ್ತು, ಯಾರೂ ಏನೂ ಅನ್ನಂಗಿಲ್ಲ" ಎಂದರು. ಎಲ್ಲರೂ ನನ್ನ ಕೈ ಕುಲುಕಿದರು. ಮೈಯೆಲ್ಲ ಬೆವರಿ ಕೈ ಜಾರುತ್ತಿತ್ತು.

ಮನೆಗೆ ಬಂದರೆ ಹಂಪಮ್ಮ ಮಿರ್ಚಿ ಕರಿಯುತ್ತಿದ್ದಳು, ಪಂಪಾ ಸ್ಪರ್ಧೆಗೆಂದು ಲಂಗಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಗೌತಮಿಯ ಅಕ್ಷರ ಪಂಪಾಳ ಅಕ್ಷರದ ಹಾಗೆಯೇ ಯಾಕಿದೆ ಎಂದು ನಾನು ತಡೆಯಲಾರದೆ ಕೇಳಿದೆ. "ಇಬ್ಬರೂ ಹುಡುಗ್ಯಾರಿಗೆ ಇದ ಕಟ್ಟಿ ಮ್ಯಾಲ ಕುಂದ್ರಿಸಿಕೊಂಡು ಅಕ್ಷರ ತಿದ್ದಿಸಿದಾಕಿ ನಾನು. ಒಂದ ಥರ ಇರದ ಇನ್ನೇನು? ನೀವು ಯಾವತ್ತು ಕುಂತು ನೋಡೀರಿ?" ಎಂದಳು ಹಂಪಮ್ಮ. ಹಾಗಾದರೆ ಪಂಪಾಳ ಅಕ್ಷರ ಯಾಕೆ ಬದಲಾಯಿತು? "ನೀವ ಬರೀತಿದ್ರಲ್ಲ ಸರ್, ಬರಹ ಸುಧಾರಿಸಲಿ ಅಂತ. ಬ್ಯಾಸಿಗಿ ಸೂಟ್ಯಾಗ ಕುಂತು ಸುಧಾರಿಸಿಕೊಂಡೆ" ಎಂದಳು ಮಗಳು.

ಆಮೇಲೆ ಮುಚ್ಚಿಡುವುದು ಆಗಲಿಲ್ಲ. ಗೌತಮಿಗೆ ಹತ್ತು ಬರಬೇಕಾಗಿತ್ತು, ಎರಡು ನಾನು ಕಡಿದೆ ಎಂದೆ. ಇಸ್ತ್ರಿ ಪೆಟ್ಟಿಗೆ ನಿಂತಿತು.

"ಅದು ನಂದಂತ ತಿಳಕೊಂಡಿದ್ರಿ?"

"ಹೌದವಾ."

"ಹತ್ತು ಕೊಡೋ ಹಂಗ ಇತ್ತಾ?"

"ಇತ್ತು."

"ಮತ್ತ ನಂದಾದ್ರ ಎರಡು ಯಾಕ ಕಡೀಬೇಕು, ಅಪ್ಪಾ?"

ಒಂದು ವರ್ಷದ ಮೇಲೆ ಅಪ್ಪಾ ಎಂದದ್ದು. ಕೇಳಿ ಸಂತೋಷವಾಗಬೇಕಿತ್ತು, ನಾಚಿಕೆಯಾಯಿತು. ಜನ ಏನಂತಾರೋ ಅಂತ, ಎಂದೆ. ನಲವತ್ತೇಳು ವರ್ಷದ ಮನುಷ್ಯ ಹದಿನಾಲ್ಕು ವರ್ಷದ ಹುಡುಗಿಯ ಮುಂದೆ ಹೇಳುವ ಮಾತೇ ಅದು? ಅವಳು ಕಣ್ಣು ಒರೆಸಿಕೊಂಡು ಲಂಗ ಮಡಚಿದಳು. "ಗೌತಮಿನ ಹೋಗ್ಲಿ. ನಾ ಆಕಿ ಜೋಡಿ ಹೋಗಿ ಚಪ್ಪಾಳಿ ಹೊಡೀತೀನಿ. ಆದ್ರ ಇನ್ನ ಮ್ಯಾಲ ನನ್ನ ಹಾಳಿ ನೀವು ನೋಡಾದು ಬ್ಯಾಡ" ಎಂದಳು.

ಮರುದಿನ ತರಗತಿಯಲ್ಲಿ ನಿಂತು ತಪ್ಪು ಒಪ್ಪಿಕೊಂಡೆ, ಯಾರ ಹಾಳೆ ಎಂದುಕೊಂಡು ಕಡಿದೆ ಎಂಬುದನ್ನೂ ಬಿಡದೆ ಹೇಳಿದೆ. ಗೌತಮಿ ಕಮಲಾಪುರಕ್ಕೆ ಹೋದಳು, ಬಹುಮಾನ ತಂದಳು. ಪಂಪಾ ಚಪ್ಪಾಳೆ ಹೊಡೆದು ಅಂಗೈ ಕೆಂಪಗೆ ಮಾಡಿಕೊಂಡು ಬಂದಳು.

ಈ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳ ಕನ್ನಡದ ಉತ್ತರ ಪತ್ರಿಕೆಯನ್ನು, ತಾವೂ ಕನ್ನಡ ಓದಿದವರಾದ ಹುಲಿಗೆಮ್ಮ ಟೀಚರ್ ನೋಡಲು ಒಪ್ಪಿದರು. ಪತ್ರಿಕೆ ಅವರ ಮೇಜಿನ ಮೇಲಿಟ್ಟು, ಸ್ವಲ್ಪವೂ ಮುಲಾಜಿಲ್ಲದೆ ನೋಡಿರಿ ಎಂದು ಹೇಳಿ ಬಾಗಿಲತನಕ ಹೋದೆ. ಕಾಲು ಮುಂದಕ್ಕೆ ಬರಲಿಲ್ಲ. ವಾಪಸು ಬಂದು, ಪಾಪ ಆಕೆಗೆ ಹಿಂದಿನ ದಿನ ಜ್ವರ ಇತ್ತು ಎಂದೆ. ಮತ್ತೆ ಬಾಗಿಲತನಕ ಹೋಗಿ ಮತ್ತೆ ಬಂದು, ನಾಲ್ಕನೆಯ ಉತ್ತರ ಭಾಳ ಚೆನ್ನಾಗಿ ಬರೆದಿದ್ದಾಳೆ, ಅದೊಂದು ಗಮನವಿಟ್ಟು ಓದಿರಿ ಎಂದೆ.

ಟೀಚರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಸರ್, ನೀವು ಹೊರಗ ನಡೀರಿ" ಎಂದರು.