ಇಪ್ಪತ್ತನೆಯ ತಟ್ಟೆಯ ಜಗಳ

ವಯಸ್ಸಾದಂತೆ ಮನುಷ್ಯ ಮೆತ್ತಗಾಗುತ್ತಾನೆ ಎನ್ನುವವರು ನನ್ನನ್ನು ನೋಡಿಲ್ಲ. ಐವತ್ತಾರು ದಾಟಿದ ಮೇಲೆ ನನ್ನ ಹಟ ಇನ್ನಷ್ಟು ಗಟ್ಟಿಯಾಗಿದೆ. ಫೋನಿನಲ್ಲಿ ದಾರಿ ಹುಡುಕುವುದಿಲ್ಲ. ಚಿಕ್ಕೋಡಿಯಲ್ಲಿ ಇಳಿದು ಪಾನಂಗಡಿಯವನನ್ನೇ ಕೇಳುತ್ತೇನೆ. ಬಟ್ಟಿ ಇಳಿಸುವ ಡಿಸ್ಟಿಲೇಷನ್ ಲೆಕ್ಕವನ್ನಂತೂ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಬಿಡಿಸದೆ ನಂಬುವುದಿಲ್ಲ. ರಾಯಬಾಗ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯ ಮದ್ಯಸಾರ ಘಟಕದಲ್ಲಿ ನಾನು ಇಂಜಿನಿಯರು. ಜುಗೂಳದ ಜೈನ ಮನೆತನದವನು. ನಮ್ಮಲ್ಲಿ ಮದ್ಯದ ವಾಸನೆ ಕಂಡವರಿಲ್ಲ. ಹಾಗಾಗಿ ನನ್ನ ಅತ್ತೆ ಇವತ್ತಿಗೂ ನೆಂಟರ ಮುಂದೆ, "ನಮ್ಮ ಅಳಿಯಾರು ಸಕ್ರಿ ಕಡೆ ಅದಾರ್ರಿ" ಎಂದೇ ಹೇಳುತ್ತಾರೆ.

ನಮ್ಮ ಘಟಕದ ಗೋಪುರಗಳಲ್ಲಿ ಒಂದರೊಳಗೆ ಅರವತ್ತು ತಟ್ಟೆಗಳಿವೆ. ಇದು ಊಟದ ತಟ್ಟೆಯಲ್ಲ. ತೂತುಗಳಿರುವ ಉಕ್ಕಿನ ಹಲಗೆ, ಒಂದರ ಮೇಲೊಂದು. ನೀರು ಬೆರೆತ ಮದ್ಯಸಾರವನ್ನು ನಡುವಿನ ಯಾವುದೋ ಒಂದು ತಟ್ಟೆಗೆ ಬಿಡುತ್ತೇವೆ. ಮದ್ಯಸಾರ ಆವಿಯಾಗಿ ಮೇಲೇರುತ್ತದೆ, ನೀರು ಕೆಳಗಿಳಿಯುತ್ತದೆ. ಯಾವ ತಟ್ಟೆಗೆ ಬಿಡಬೇಕು ಎಂಬುದನ್ನು ನಮ್ಮ ಕಾಲದಲ್ಲಿ ಒಂದು ಡೊಂಕು ಗೆರೆ, ಕೆಲವು ನೇರ ಗೆರೆ ಎಳೆದು, ನಡುವೆ ತಟ್ಟೆಗೊಂದರಂತೆ ಮೆಟ್ಟಿಲು ಬಿಡಿಸಿ, ಎಣಿಸಿ ಹೇಳುತ್ತಿದ್ದೆವು. ಮದ್ಯಸಾರ ಹೇಗೆ ಹತ್ತುತ್ತದೆಂಬುದು ಕಣ್ಣಿಗೇ ಕಾಣುತ್ತಿತ್ತು.

ಹೋದ ವರ್ಷ ಬಂದ ಹೊಸ ಮ್ಯಾನೇಜರ್ ಸಾಹೇಬರಿಗೆ ಗೋಪುರ ಕಾಯಿಸುವ ಉಗಿಯನ್ನು ಉಳಿಸುವ ಹುಚ್ಚು. ಸಾಫ್ಟ್‌ವೇರ್ ತರಿಸಿದರು. ಅದನ್ನು ನಡೆಸಲು ನಿಪ್ಪಾಣಿಯಿಂದ ಸ್ನೇಹಾ ಎಂಬ ಚುರುಕಾದ ಇಂಜಿನಿಯರ್ ಬಂದಳು. ಯಾವ ತಟ್ಟೆಗೆ ಬಿಟ್ಟರೆ ಉಗಿ ಕಡಿಮೆ ಸಾಕು ಎಂದು ಕೇಳಿದ್ದಕ್ಕೆ ಸಾಫ್ಟ್‌ವೇರು ನಲವತ್ತೊಂದು ಎಂದಿತು. ಮದ್ಯಸಾರ ಬಿಡುವ ನಮ್ಮ ಪೈಪು ಇದ್ದದ್ದು ಇಪ್ಪತ್ತಕ್ಕೆ. ಪೈಪನ್ನು ಅಲ್ಲಿಗೆ ಸರಿಸಲು, ಮರುದಿನವೇ ಗೋಪುರ ಕೊರೆಯಲು ವೆಲ್ಡರ್‌ನನ್ನು ಕರೆಸುವುದೆಂದಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಸಹಿ ಮಾತ್ರ ನನ್ನದು ಬೇಕಿತ್ತು.

ಅವತ್ತು ಸಂಜೆ ಗ್ರಾಫ್ ಹಾಳೆಗಾಗಿ ಹಾರೂಗೇರಿ ಪೇಟೆಯ ಮೂರು ಅಂಗಡಿ ಹತ್ತಿಳಿದೆ. "ಗ್ರಾಫ್ ಬುಕ್ ಈಗ ಯಾರ ಒಯ್ತಾರ್ರಿ ಸರ? ಡ್ರಾಯಿಂಗ್ ಬುಕ್ ಕೊಡ್ಲೇನು?" ಎಂದ ಕೊನೆಯವನು. ಮನೆಗೆ ಬಂದರೆ ನನ್ನ ಹೆಂಡತಿ ಪದ್ಮಾ ಕಸೂತಿಯ ನಮೂನೆ ಬಿಡಿಸುತ್ತಿದ್ದ ಪುಸ್ತಕವೇ ಗ್ರಾಫ್ ಪುಸ್ತಕ! ಅರ್ಧ ನವಿಲು ಇದ್ದ ಹಾಳೆಯಲ್ಲಿ, ನವಿಲಿನ ಬಾಲದ ಪಕ್ಕದಿಂದಲೇ ಶುರು ಹಚ್ಚಿಕೊಂಡೆ.

ಅವಳು ಬಗ್ಗಿ ನೋಡಿದಳು. "ಏನ್ರೀ, ಮೆಟ್ಲ ಮ್ಯಾಲ ಹೋದಂಗ ಸಣ್ಣ ಆಗಾಕತ್ತಾವಲ್ರಿ. ಇದನ್ನ ಯಾರ ಹತ್ತಬೇಕು?"

"ಮದ್ಯಸಾರ ಹತ್ತತೈತಿ," ಎಂದೆ.

"ಅಯ್ಯ, ನನ್ನ ನವಿಲಿನ ಬಾಜೂಕನ?" ಎಂದು ಹಣೆ ಬಡಿದುಕೊಂಡಳು.

ಮೇಲಿನ ಮೂಲೆಯಲ್ಲಿ ಮೆಟ್ಟಿಲು ಇರುವೆಗಿಂತ ಸಣ್ಣವಾದವು. ಅದಕ್ಕಾಗಿ ಇನ್ನೊಂದು ಹಾಳೆ ಹರಿದೆ. ಊಟಕ್ಕೆ ಕರೆಯುವ ಹೊತ್ತಿಗೆ ಉತ್ತರ ಬಂತು: ಇಪ್ಪತ್ತು. ಪೈಪು ಇರುವ ಜಾಗವೇ ಸರಿ.

ಬೆಳಿಗ್ಗೆ ವೆಲ್ಡರ್ ಸಾಮಾನು ಸಮೇತ ಗೋಪುರದ ಕೆಳಗೆ ನಿಂತಿದ್ದ. ಒಳಗೆ ಕಚೇರಿಯಲ್ಲಿ ಸಾಹೇಬರು ಕೊರೆಯುವ ಪರವಾನಗಿಯ ಹಾಳೆಯನ್ನು ನನ್ನ ಮುಂದಿಟ್ಟರು. ನಾನು ಪೆನ್ನು ಮುಟ್ಟಲಿಲ್ಲ.

"ಸಹಿ ಮಾಡಾಂಗಿಲ್ರಿ."

"ಅಹೋ ಚೌಗಲೆ, ಸಾಫ್ಟ್‌ವೇರ್ ಹೇಳೇತಿ!"

"ಸಾಫ್ಟ್‌ವೇರ್ ಯಾವತ್ತರ ಈ ಗೋಪುರ ಹತ್ತೇತೇನ್ರಿ? ನಾ ಹತ್ತೇನಿ. ಒಮ್ಮೆ ಕೊರದ್ರ ಕೊರದಂಗ. ನನ್ನ ಕೆಲಸದಿಂದ ತಗೀರಿ ಬೇಕಾದ್ರ, ಸಹಿ ಮಾತ್ರ ಕೇಳಬ್ಯಾಡ್ರಿ."

 ನವಿಲಿನ ಹಾಳೆಯನ್ನು ಮೇಜಿನ ಮೇಲೆ ಬಡಿದೆ. ಸಾಹೇಬರು ನವಿಲು ನೋಡಿದರು. ಪಕ್ಕದಲ್ಲಿದ್ದ ಸ್ನೇಹಾ ಮೆಟ್ಟಿಲುಗಳ ಮೇಲೆ ಬೆರಳಾಡಿಸುತ್ತ ಹೋಗಿ ತಟ್ಟನೆ ನಿಂತಳು.

"ಸರ್, ನೀವು ತಟ್ಟೆ ಕೆಳಗಿಂದ ಎಣಸ್ತೀರೇನ್ರಿ?"

"ಮತ್ತ? ಮೆಟ್ಲ ಯಾರರ ಮ್ಯಾಲಿಂದ ಎಣಸ್ತಾರೇನು?"

"ಸಾಫ್ಟ್‌ವೇರ್ ಮ್ಯಾಲಿಂದ ಎಣಸ್ತೈತ್ರಿ. ಇಲ್ಲಿ ಕೆಳಗಿಂದ ಎಣಸ್ತಾರಂತ ನನಗ ಯಾರೂ ಹೇಳಿಲ್ರಿ."

ಅರವತ್ತರಲ್ಲಿ ಮೇಲಿನಿಂದ ನಲವತ್ತೊಂದನೆಯದು ಕೆಳಗಿನಿಂದ ಇಪ್ಪತ್ತನೆಯದು. ನಾವು ಮೂವರೂ ಬೆರಳು ಮಡಚಿ ಎರಡೆರಡು ಸಲ ಎಣಿಸಿದೆವು. ಸಾಫ್ಟ್‌ವೇರು ಹೇಳುತ್ತಿದ್ದದ್ದೂ ಅದನ್ನೇ: ಪೈಪು ಇದ್ದಲ್ಲಿಯೇ ಇರಲಿ! ಹೊರಗಿನಿಂದ ವೆಲ್ಡರ್ ಕೂಗಿದ: "ಮಾಲಕ್ರ, ಕೊರೀಲ್ಯೋ ಬ್ಯಾಡೋ?"

"ಬ್ಯಾಡೋ ಮಾರಾಯಾ! ಚಾ ಕುಡದ ಹೋಗು," ಎಂದರು ಸಾಹೇಬರು.

ನಾನು ಎದೆ ಉಬ್ಬಿಸಿ ಊರೆಲ್ಲ ಹೇಳಿಕೊಂಡು ತಿರುಗಿದೆ. ಸಾಫ್ಟ್‌ವೇರು ಗೆದ್ದಿತೆಂದು ಸ್ನೇಹಾ ಹೇಳಬಹುದಿತ್ತು. ಪಾಪ, ಹೇಳಲಿಲ್ಲ. ಹೇಳಿದ್ದರೂ ನಾನು ಒಪ್ಪುತ್ತಿರಲಿಲ್ಲ. ಕೊರೆಯದಂತೆ ತಡೆದದ್ದು ಪೆನ್ಸಿಲ್ಲು. ಇವತ್ತಿಗೂ ಯಾರೆದುರಿಗೆ ಬೇಕಾದರೂ ಹೇಳುತ್ತೇನೆ.

ಆದರೆ ಸಾಹೇಬರು ಮರುವಾರ ಆದೇಶ ಹೊರಡಿಸಿದರು: ಇನ್ನು ಮುಂದೆ ಪ್ರತಿಯೊಂದು ಲೆಕ್ಕವೂ ಎರಡೂ ರೀತಿಯಲ್ಲಿ ಆಗಬೇಕು, ಗ್ರಾಫಿನ ಹೊಣೆ ಚೌಗಲೆಯವರದು. ನಮ್ಮಲ್ಲಿ ಇಂಥ ಗೋಪುರಗಳು ಐದಿವೆ. ಮೂರನೆಯ ವಾರಕ್ಕೆ ಬೆರಳು ಬಾತು, ಕಣ್ಣು ಮಂಜಾಯಿತು. ಈಗ ಸ್ನೇಹಾ ಚಹಾಕ್ಕೆ ಎದ್ದಾಗ ಅವಳ ಪರದೆಯ ಮೇಲಿನ ಉತ್ತರವನ್ನು ಕದ್ದು ನೋಡಿ, ಮೆಟ್ಟಿಲುಗಳನ್ನು ಅದಕ್ಕೇ ಹೋಗಿ ಮುಟ್ಟುವಂತೆ ಬಿಡಿಸುತ್ತೇನೆ. ಮೊನ್ನೆ ಅವಳು ಕೇಳಿದಳು, "ಸರ್, ನಿಮ್ಮ ಉತ್ತರ ಒಂದ ಮೆಟ್ಲ ಸೈತ ಹೆಚ್ಚುಕಮ್ಮಿ ಆಗಾಂಗಿಲ್ಲಲ್ರಿ, ಹೆಂಗ್ರಿ?"

"ಅನುಭವ, ತಂಗಿ," ಎಂದೆ.