ಟರ್ಬೋ ಕಾರಿಗೆ ತಕ್ಕ ಎಣ್ಣೆ

ಆ ಬೆಳಿಗ್ಗೆ ಮುನಿಕೃಷ್ಣ ಕಾರಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡದೇ ಇದ್ದಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಎಳೆದು ನೋಡಿದ. ಕಡ್ಡಿಯ ತುದಿ ಒಲೆ ಮೇಲಿನ ಮಡಕೆಯ ತಳದಂತೆ ಕಪ್ಪಗಿತ್ತು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಆ ಊರಿನ ನೆತ್ತಿಯ ಮೇಲೆ ಹಗಲೂ ರಾತ್ರಿ ವಿಮಾನಗಳು ಹಾರುತ್ತಿದ್ದವು. ಆದರೆ ಊರಿನವರು ಯಾರೂ ಒಂದನ್ನೂ ಹತ್ತಿರಲಿಲ್ಲ. ಅಂದು ಸಂಜೆ ಮುನಿಕೃಷ್ಣನ ಅತ್ತೆ ಅಕ್ಕಯಮ್ಮ ಭಜನೆ ಸಂಘದವರ ಜೊತೆ ಕಾಶಿಗೆ ಹಾರುವವರಿದ್ದರು. ಕೆಲಸವಿಲ್ಲದೆ ಅಲೆಯುತ್ತಿದ್ದ ಕಾಲದಲ್ಲಿ ತನ್ನನ್ನು ನಂಬಿ ಮಗಳನ್ನು ಕೊಟ್ಟ ಹೆಂಗಸು. ಆಕೆಯನ್ನು ತಾನು ಹೊಸದಾಗಿ ಕೊಂಡ ಹಳೆಯ ಟರ್ಬೋ ಕಾರಿನಲ್ಲೇ ಏರ್‌ಪೋರ್ಟಿಗೆ ಬಿಡಬೇಕೆಂಬುದು ಡೇರಿ ಗುಮಾಸ್ತ ಮುನಿಕೃಷ್ಣನ ಹಠ.

ಇಂಥ ಕೊಳಕು ಎಣ್ಣೆಯ ಮೇಲೆ ಅತ್ತೆಯನ್ನು ಕೂರಿಸುವುದೇ? ಕಾರಿನಡಿ ನುಗ್ಗಿ, ತಳದ ಬೋಲ್ಟು ಬಿಚ್ಚಿ, ಎಣ್ಣೆಯನ್ನೆಲ್ಲ ಬಾಂಡಲಿಗೆ ಸುರಿಸಿದ. ಹೊಸ ಎಣ್ಣೆ ಮನೆಯಲ್ಲಿಲ್ಲ ಎಂಬುದು ಕೊನೆಯ ಹನಿ ಬಿದ್ದ ಮೇಲೆ ಹೊಳೆಯಿತು. ಬೋಲ್ಟು ಕಳೆದುಹೋಗದಿರಲೆಂದು ಸೋಪು ಹಚ್ಚಿ ತೊಳೆದು, ಫಳಫಳ ಒರೆಸಿ, ಜಗಲಿಯ ಮೇಲಿದ್ದ ಹಿತ್ತಾಳೆ ತಟ್ಟೆಯಲ್ಲಿಟ್ಟ.

ಅಕ್ಕಯಮ್ಮನನ್ನು ಮಾತಾಡಿಸಲು ಬಂದವರೆಲ್ಲ ಕಾರಿನ ಸುತ್ತ ನಿಂತರು. ನಿವೃತ್ತ ಬಸ್ ಡ್ರೈವರ್ ಪಿಳ್ಳಪ್ಪ ಬಾಂಡಲಿ ನೋಡಿ, "ಏನಪ್ಪಾ, ಗಾಡಿ ವಾಂತಿ ಮಾಡ್ಕೊಂಡೈತೆ? ನಮ್ಮನೇಲಿ ಬಸ್ಸಿನ ಆಯ್ಲು ಐತೆ, ತಂದ್ಕೊಡ್ತೀನಿ" ಎಂದ.

"ಬಸ್ಸಿಂದು ಯಾಕ್ಲಾ? ನನ್ ಟ್ರ್ಯಾಕ್ಟರ್ ಆಯ್ಲು ಹಾಕು, ನಿನ್ ಕಾರು ಉಳುಮೆನೂ ಮಾಡ್ತದೆ" ಎಂದ ಎದುರು ಮನೆಯ ಬೈರಣ್ಣ.

"ಅಣ್ಣಾ, ಇದು ಟರ್ಬೋ. ಒಳಗೆ ಬುಗುರಿ ಥರ ಒಂದು ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ತಿರುಗುತ್ತೆ, ಕೆಂಡದಂಗೆ ಕಾಯುತ್ತೆ. ಗಟ್ಟಿ ಎಣ್ಣೆ ಅಲ್ಲಿಗೆ ಹರಿಯೋ ಹೊತ್ಗೆ ಅದ್ರ ಕತೆ ಮುಗಿದಿರುತ್ತೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿರೋ ತೆಳು ಸಿಂಥೆಟಿಕ್ ಎಣ್ಣೆನೇ ಆಗ್ಬೇಕು."

"ಲಕ್ಷ ಸುತ್ತಾ? ನಾನು ರಿಟೈರ್ ಆಗೋವರ್ಗೂ ಅಷ್ಟು ಸುತ್ತಿಲ್ಲ ಬಿಡು" ಎಂದ ಪಿಳ್ಳಪ್ಪ.

ಅಕ್ಕಯಮ್ಮ ಹೊರಬಂದರು. "ಯಾಕಪ್ಪ ಒದ್ದಾಡ್ತೀಯ? ಸಂಘದೋರೆಲ್ಲ ಬೈರಣ್ಣನ ಟೆಂಪೋದಲ್ಲಿ ಹೋಗ್ತಾರೆ. ನಾನೂ ಹೋಗ್ತೀನಿ."

"ಆಗಲ್ಲ ಅತ್ತೆ. ನೀವು ನನ್ನ ಕಾರಲ್ಲೇ ಹೋಗ್ಬೇಕು."

"ಆಯ್ತಪ್ಪ. ಊರೋರೆಲ್ಲ ಗಂಗಮ್ಮಂಗೆ ಬಿಡೋಕೆ ಅಂತ ಕಾಸೋ ಅರಿಶಿನ ಕೊಂಬೋ ಕೊಟ್ಟವ್ರೆ. ನೀನೊಬ್ಬ ಏನೂ ಕೊಡ್ಲಿಲ್ವಲ್ಲ?"

"ಕೊಡ್ತೀನಿ ಅತ್ತೆ, ಕೊಡ್ತೀನಿ" ಎನ್ನುತ್ತಲೇ ಮುನಿಕೃಷ್ಣ ಬಸ್ಸಿಗೆ ಓಡಿದ.

ದೇವನಹಳ್ಳಿಯ ಮೊದಲ ಅಂಗಡಿಯಲ್ಲಿ ಇದ್ದದ್ದು ಬೈಕಿನ ಎಣ್ಣೆ. ಎರಡನೆಯವನು ಒಂದು ಡಬ್ಬ ಮುಂದಿಟ್ಟು, "ಇದು ಎಲ್ಲಾ ಗಾಡಿಗೂ ಆಗುತ್ತೆ ಗುರು" ಎಂದ.

"ಎಲ್ಲಾದಕ್ಕೂ ಆಗೋದು ಕಷಾಯ. ನಂಗೆ ಎಣ್ಣೆ ಬೇಕು."

ಅಂಗಡಿಯವನು ಸಿಟ್ಟಾಗಲಿಲ್ಲ. ನಕ್ಕು, ತನ್ನ ಟೀಯಲ್ಲಿ ಅರ್ಧ ಬಗ್ಗಿಸಿ ಕೊಟ್ಟು, ಹೊಸಕೋಟೆಯ ಗೆಳೆಯನ ಅಂಗಡಿಗೆ ಫೋನು ಮಾಡಿ ವಿಚಾರಿಸಿದ. ಅಲ್ಲಿತ್ತು!

ಹೊಸಕೋಟೆಯಲ್ಲಿ ಮುನಿಕೃಷ್ಣ ಡಬ್ಬದ ಮೇಲಿನ ಅಕ್ಷರಗಳನ್ನೂ ಪುಸ್ತಕವನ್ನೂ ಗಂಡು ಹೆಣ್ಣಿನ ಜಾತಕದಂತೆ ಹೊಂದಿಸಿ ನೋಡಿದ. ಎಲ್ಲ ಗುಣವೂ ಕೂಡಿತು. ಬಸ್ಸಿನಲ್ಲಿ ಡಬ್ಬವನ್ನು ಬಾಣಂತಿಯ ಕೂಸಿನಂತೆ ಅವಚಿಕೊಂಡು ನಿಂತಿದ್ದವನನ್ನು ಕಂಡು ಒಬ್ಬಾಕೆ, "ಬಾಪ್ಪ, ಕೂಸು ಎತ್ಕೊಂಡಿರೋರು ನಿಲ್ಬಾರ್ದು" ಎಂದು ನಗುತ್ತಾ ಸರಿದು ಜಾಗ ಕೊಟ್ಟಳು. ಸೂಲಿಬೆಲೆ ದಾಟುತ್ತಲೇ ಬಸ್ಸಿನ ಟೈರು ಢಬ್ ಎಂದಿತು. ಮುನಿಕೃಷ್ಣ ಜಗ್ಗಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಆಟೋ ಒಂದಕ್ಕೆ ಕೈ ಅಡ್ಡ ಹಾಕಿ, ಸೊಪ್ಪಿನ ಮೇಲೆ ದೊಡ್ಡದೊಂದು ರೇಷ್ಮೆ ಹುಳುವಿನಂತೆ ಮಲಗಿ ಊರು ಸೇರಿದ.

ಬಾಗಿಲಲ್ಲೇ ಹೆಂಡತಿ ಅನಸೂಯ ಕೂಗಿದಳು. "ಅಮ್ಮ ಈಗಿನ್ನೂ ಹೊರಟ್ರು ಕಣ್ರೀ! ಸಂಘದೋರು ಬಿಡ್ಲಿಲ್ಲ. ಆದ್ರೂ ಬೈಪಾಸ್ ಹತ್ರ ಟೆಂಪೋ ನಿಲ್ಸಿ ಕಾಯ್ತಾರಂತೆ. ನಿಮ್ ಕಾರಲ್ಲೇ ಏರ್‌ಪೋರ್ಟ್ ಬಾಗ್ಲಿಗೆ ಇಳೀಬೇಕಂತೆ."

ಮುನಿಕೃಷ್ಣನ ಕಣ್ಣು ಒದ್ದೆಯಾಯಿತು. ಅಳುವುದಕ್ಕೆ ಸಮಯವಿರಲಿಲ್ಲ. ಕಾರಿನಡಿ ಅಂಗಾತ ನುಗ್ಗಿ ಕೈ ಚಾಚಿದ. "ಬೋಲ್ಟು ಕೊಡೇ! ಜಗಲಿ ಮೇಲಿಟ್ಟಿದ್ನಲ್ಲ!"

ಜಗಲಿಯ ಮೇಲೆ ಬೋಲ್ಟು ಇರಲಿಲ್ಲ.

ಬೀದಿಯೇ ಹುಡುಕಾಟಕ್ಕೆ ಇಳಿಯಿತು. ಕೊಟ್ಟಿಗೆ ಗುಡಿಸಿದರು, ತಿಪ್ಪೆ ಕೆದಕಿದರು. ಪಿಳ್ಳಪ್ಪ ಒಂದು ಹುಂಜವನ್ನು ಹಿಡಿದು ಕೊರಳು ಸವರಿ ನೋಡಿದ. ಆಮೇಲೆ ಮನೆಗೆ ಓಡಿ ಬಸ್ಸಿನ ಬೋಲ್ಟು ತಂದ.

"ಇದು ಕೂರಲ್ಲ ಅಣ್ಣಾ! ಮೇಕೆ ಕೊರಳಿಗೆ ಆನೆ ಗಂಟೆ ಕಟ್ಟಿದಂಗಾಯ್ತದೆ!"

"ಬಟ್ಟೆ ಸುತ್ತಿ ತುರುಕು, ಏರ್‌ಪೋರ್ಟ್ ಗಂಟ ತಡೀತದೆ."

"ಇಲ್ಲ. ಈ ಎಣ್ಣೆಗೆ ಅದರದೇ ಬೋಲ್ಟು ಬೇಕು" ಎಂದು ಮುನಿಕೃಷ್ಣ ಹಠ ಹಿಡಿದು ಚರಂಡಿಗೆ ಕೈ ಹಾಕಿದ.

ಹೊತ್ತು ಇಳಿಯಿತು. ಅನಸೂಯಳ ಫೋನು ಬಡಿದುಕೊಂಡಿತು. ಅಕ್ಕಯಮ್ಮ! ಅನಸೂಯ ಸ್ಪೀಕರ್ ಹಾಕಿ ಗಂಡನ ಮುಂದೆ ಹಿಡಿದಳು.

"ಕಾದೆ ಕಣಪ್ಪ. ಹೊತ್ತಾಯ್ತು ಅಂತ ಒಳಗೆ ಬಂದ್ಬಿಟ್ವಿ. ಬೇಜಾರ್ ಮಾಡ್ಕೋಬೇಡ, ಬಂದ ಮೇಲೆ ನಿನ್ ಕಾರಲ್ಲೇ ಮನೆಗೆ ಬರ್ತೀನಿ. ಇಲ್ಲಿ ಪೊಲೀಸ್ ಹುಡ್ಗಿ ಎಷ್ಟು ಒಳ್ಳೇದು ಗೊತ್ತಾ? ನನ್ ಎಲೆ ಅಡಿಕೆ ಚೀಲ ಎಲ್ಲಾ ತಡಕಿ, ಇದೇನಜ್ಜಿ ಕಬ್ಬಿಣ ಅಂದ್ಲು. ನಮ್ ಅಳಿಯ ಗಂಗಮ್ಮಂಗೆ ಕೊಟ್ಟಿರೋದು ಅಂದೆ. ಕೈ ಮುಗಿದು ವಾಪಸ್ ಕೊಟ್ಲು."

ಮುನಿಕೃಷ್ಣ ಫೋನಿನತ್ತ ಬಾಗಿದ. "ಏನದು ಅತ್ತೆ?"

"ಅದೇ ಕಣಪ್ಪ, ಎಲ್ರೂ ಕಾಸು ಹಾಕಿದ್ದ ತಟ್ಟೇಲಿ ತೊಳೆದು ಒರೆಸಿ ಇಟ್ಟು ಹೋಗಿದ್ಯಲ್ಲ. ಕಾರಿಗೆ ಒಳ್ಳೇದಾಗ್ಲಿ ಅಂತ ಕಾರಿಂದೇ ಇಟ್ಟಿದ್ದಾನೆ, ಎಂಥ ಭಕ್ತಿ ಅಂತ ಸಂಘದೋರ್ಗೆಲ್ಲ ತೋರ್ಸಿದೀನಿ. ನಡು ಗಂಗೇಲೇ ಬಿಡ್ತೀನಿ, ನೀನೇನೂ ಯೋಚ್ನೆ ಮಾಡ್ಬೇಡ."

"ಬೇಡ ಅತ್ತೆ! ಬಿಡ್ಬೇಡಿ! ಅದು..."

"ಫೋನ್ ಆಫ್ ಮಾಡು ಅಂತಾವ್ರೆ ಕಣಪ್ಪ. ಬರ್ಲಾ?"

ಸ್ವಲ್ಪ ಹೊತ್ತಿನಲ್ಲಿ ಊರಿನ ನೆತ್ತಿಯ ಮೇಲೆ ವಿಮಾನವೊಂದು ಗುಡುಗುತ್ತಾ ಏರಿತು. ಸರಿಯಾದ ಎಣ್ಣೆಯ ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡು ಮುನಿಕೃಷ್ಣ ತಲೆಯೆತ್ತಿ ನೋಡಿದ.

ಪಿಳ್ಳಪ್ಪ ಅವನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟ. "ಹೋಗ್ಲಿ ಬಿಡಪ್ಪ. ನಿನ್ ಕಾರು ಏರ್‌ಪೋರ್ಟ್ ಮುಟ್ಟದೇ ಇದ್ರೂ, ಅದ್ರ ಬೋಲ್ಟು ವಿಮಾನ ಹತ್ತಿತಲ್ಲ."