ನಿದ್ದೆಗೊಂದು ಡೇರೆ

ನಂದೀಶನ ಮಾನ ಹೋದದ್ದು ಹೆಂಡತಿಯ ಒಂದೇ ಒಂದು ಆಕಳಿಕೆಯಿಂದ.

ಶನಿವಾರ ಬೆಳಿಗ್ಗೆ ಬೀದಿ ನಲ್ಲಿಗೆ ಬಿಂದಿಗೆ ಇಟ್ಟ ಧನಶ್ರೀ, ಬಾಯಿಗೆ ಕೈ ಅಡ್ಡ ಹಿಡಿಯುವ ಮೊದಲೇ ದೊಡ್ಡದಾಗಿ ಆಕಳಿಸಿಬಿಟ್ಟಳು. ಪಕ್ಕದ ಮನೆಯ ಶ್ರೀನಿವಾಸಪ್ಪನವರು ಅದನ್ನು ಕಂಡರು. ಅವರು ನಿವೃತ್ತ ಬಸ್ ಕಂಡಕ್ಟರ್. ಹಿಂದಿನ ಸೀಟಿಗೂ ಕೇಳಿಸುವಂತೆ ಮಾತಾಡುವ ಅಭ್ಯಾಸ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ.

“ಏನಮ್ಮಾ, ಮದ್ವೆಯಾಗಿ ಬಂದಾಗ್ಲಿಂದ ನಿನ್ ಕಣ್ಣು ಕೆಂಪಗೇ ಇದಾವಲ್ಲ. ನಮ್ ನಂದೀಶ ಗೊರಕೆ ಹೊಡೀತಾನಾ?”

ಧನಶ್ರೀ ಸುಮ್ಮನೆ ನಕ್ಕಳು. ನಲ್ಲಿಯ ಹತ್ತಿರ ಇದ್ದವರಿಗೆ ಅಷ್ಟೇ ಸಾಕಾಯಿತು. ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ ನಂದೀಶ ನೊರೆ ಉಗುಳಿ ಉತ್ತರ ಕೊಡುವಷ್ಟರಲ್ಲಿ ಸುದ್ದಿ ಹಾಲಿನ ಅಂಗಡಿ ದಾಟಿ, ಅವನು ಗುಮಾಸ್ತನಾಗಿದ್ದ ಸಹಕಾರ ಸಂಘವನ್ನು ಅವನಿಗಿಂತ ಮೊದಲೇ ಸೇರಿತ್ತು.

“ನಾನು ಗೊರಕೆ ಹೊಡೀತೀನೇನೇ?” ಮಧ್ಯಾಹ್ನ ಊಟಕ್ಕೆ ಬಂದವನು ಕೇಳಿದ.

“ಗೊತ್ತಿಲ್ಲ ಕಣ್ರೀ. ಲಾರಿ ಏರು ಹತ್ತೋ ಹಂಗೆ ಏನೋ ಸದ್ದು. ಬರುತ್ತೆ, ನಿಲ್ಲುತ್ತೆ, ಮತ್ತೆ ಬರುತ್ತೆ. ನೀವು ಮಲಗೋ ಗೋಡೆ ಕಡೆಯಿಂದ್ಲೇ.”

“ಲಾರಿ ಹಂಗಲ್ಲ, ಲಾರೀನೇ! ನಂಗಲಿ ಕಡೆ ಹೋಗೋವು. ಹೈವೇ ಪಕ್ಕ ಮನೆ ಅಂದ್ಮೇಲೆ ಇನ್ನೇನು?”

ಬಾಯಲ್ಲಿ ಜೋರು ಮಾಡಿದರೂ ಒಳಗೆ ಅವನಿಗೆ ಸಂಕಟವೇ. ತವರಿನಲ್ಲಿ ದಿಂಬು ಮುಟ್ಟಿದರೆ ನಿದ್ದೆ ಹೋಗುತ್ತಿದ್ದ ಹುಡುಗಿಗೆ ತನ್ನ ಮನೆಯಲ್ಲಿ ಒಂದು ಒಳ್ಳೆಯ ನಿದ್ದೆ ಕೊಡಲಾಗಲಿಲ್ಲವಲ್ಲ! ಅದಕ್ಕೊಂದು ದಾರಿ ಹೊಳೆಯಿತು. ಲಾರಿಯ ಸದ್ದಿಲ್ಲದ ಕಡೆ ಒಂದು ರಾತ್ರಿ ಮಲಗುವುದು. ಅವಳಿಗೆ ನಿದ್ದೆ ಬಂದರೆ ತಪ್ಪು ಲಾರಿಯದು, ತಾನು ನಿರಪರಾಧಿ.

ಆಫೀಸಿನ ಉಮಾಶಂಕರ್ ತನ್ನ ಟೆಂಟು ಕೊಟ್ಟ, ಜಾಗವನ್ನೂ ತೋರಿಸಿದ. ಆವಣಿ ರಸ್ತೆಯಲ್ಲಿ, ಮನೆಯಿಂದ ಬೈಕಿನಲ್ಲಿ ಹತ್ತು ನಿಮಿಷದ ದಾರಿ. ಉಮಾಶಂಕರನ ಅತ್ತೆ ವೆಂಕಟರತ್ನಮ್ಮನ ಹೊಲದ ಪಕ್ಕದ ಹಾಸುಬಂಡೆ. ಸಂಜೆ ಟೆಂಟು ಎದ್ದಿತು. ಸುತ್ತ ಹಿಪ್ಪುನೇರಳೆ ಗಿಡ, ಮೇಲೆ ಒಂದೊಂದೇ ನಕ್ಷತ್ರ, ಎಲ್ಲೂ ಒಂದು ಹಾರನ್ನಿಲ್ಲ. ಧನಶ್ರೀ ಚಿತ್ರಾನ್ನದ ಡಬ್ಬಿ ಬಿಚ್ಚಿ, “ಎಷ್ಟು ಚೆನ್ನಾಗಿದೆಯಲ್ರೀ” ಎಂದು ಅವನ ಭುಜಕ್ಕೆ ಒರಗಿದಳು. ನಂದೀಶನಿಗೆ ಸ್ವರ್ಗ ಅಂಗೈ ಅಗಲ ದೂರದಲ್ಲಿತ್ತು.

ಆಗ ಮಳೆ ಬಂತು.

ಬಂಡೆಯ ಮೇಲೆ ಗೂಟ ಹೊಡೆಯಲಾಗದೆ ಕಲ್ಲು ಹೇರಿ ನಿಲ್ಲಿಸಿದ್ದ ಟೆಂಟು ಮೊದಲ ಗಾಳಿಗೇ ಮಂಡಿಯೂರಿತು. ಅಷ್ಟರಲ್ಲಿ ಟಾರ್ಚು ಹಿಡಿದು ವೆಂಕಟರತ್ನಮ್ಮ ಓಡಿಬಂದರು.

“ಅಯ್ಯೋ ನಾಯ್ನಾ, ಆ ಗುಡಾರ ಈ ಕಡೆ ಕೊಡು! ಕುಯ್ದಿಟ್ಟಿರೋ ಸೊಪ್ಪೆಲ್ಲ ನೆನೀತೈತೆ. ನೆಂದ ಸೊಪ್ಪು ತಿಂದ್ರೆ ಹುಳಕ್ಕೆ ರೋಗ ಬತ್ತೈತೆ!”

ಟೆಂಟು ಹೋಗಿ ಸೊಪ್ಪಿನ ರಾಶಿಯನ್ನು ಹೊದ್ದುಕೊಂಡಿತು. ಗಂಡ ಹೆಂಡತಿಗೆ ಉಳಿದದ್ದು ರೇಷ್ಮೆಹುಳು ಸಾಕುವ ಹೆಂಚಿನ ಮನೆಯೊಂದೇ. ಬಾಗಿಲಲ್ಲಿ ವೆಂಕಟರತ್ನಮ್ಮ ಮೂಸಿ ನೋಡಿದರು.

“ಏಮಯ್ಯಾ, ಸೊಳ್ಳೆ ಮುಲಾಮು ಬಳ್ಕಂಡಿದೀಯಾ? ಆ ವಾಸ್ನೆಗೆ ನನ್ ಹುಳ ಸಾಯ್ತಾವೆ. ತೊಳ್ಕಾ!”

ಧನಶ್ರೀ ಕೈಕಾಲು ತೊಳೆದದ್ದೇ ಅವಳನ್ನು ಒಳಗೆ ಬಿಟ್ಟರು. ನಂದೀಶ ಸುರಿಯುವ ಮಳೆಯಲ್ಲಿ ನಿಂತು ಬಟ್ಟೆಸೋಪಿನಲ್ಲಿ ಮೈ ಉಜ್ಜಿದ. ನಡುಗುತ್ತ ಒಳಗೆ ಕಾಲಿಟ್ಟರೆ, ಸಾಲು ಸಾಲು ತಟ್ಟೆಗಳ ತುಂಬ ಬೆಳ್ಳನೆಯ ಹುಳುಗಳು.

“ನಾಳೆ ನಾಡಿದ್ದು ಗೂಡು ಕಟ್ಟೋವು, ಹಸಿವು ಜಾಸ್ತಿ. ಆಳು ಬಂದಿಲ್ಲ. ಮಳೆ ನಿಲ್ಲೋಗಂಟ ಆ ಮೂಲೇಲಿರೋ ಸೊಪ್ಪು ಒಂದೀಟು ಹಾಕ್ತಿರು ನಾಯ್ನಾ” ಎಂದು ಸೆರಗು ತಲೆಗೆಳೆದುಕೊಂಡು ವೆಂಕಟರತ್ನಮ್ಮ ಮನೆಗೆ ಹೊರಟೇಹೋದರು.

ಮೊದಲ ಸುತ್ತು ಧನಶ್ರೀಯೇ ಹಾಕಿದಳು. ಅವಳ ಕೈಯಿಂದ ಸೊಪ್ಪು ತಟ್ಟೆಯ ಮೇಲೆ ಒಂದೇ ಸಮನಾಗಿ ಹರಡಿಕೊಳ್ಳುವುದನ್ನು ನಂದೀಶ ಬೆರಗಾಗಿ ನೋಡಿದ. ಆಮೇಲೆ ಅವಳು ಗೋಣಿಚೀಲಗಳ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ, “ಮಳೆ ಸದ್ದು ಕೇಳ್ರೀ…” ಎಂದಳು. ಮಾತು ಮುಗಿಯುವ ಮೊದಲೇ ನಿದ್ದೆ ಹೋಗಿದ್ದಳು.

ನಂದೀಶ ಉಸಿರು ಬಿಗಿಹಿಡಿದು ನೋಡಿದ. ಬಲ್ಬಿನ ಮಂಕು ಬೆಳಕಲ್ಲಿ ಅವಳ ಮುಖ ಸಣ್ಣ ಮಗುವಿನದಾಗಿತ್ತು. ಹಸಿ ಎಲೆಯ ವಾಸನೆ, ಸುತ್ತ ಸೋನೆಯ ಸದ್ದು. ಇಡೀ ಮನೆ ದೋಣಿಯ ಹಾಗೆ ಎಲ್ಲಿಗೋ ತೇಲುತ್ತಿದೆ ಅನ್ನಿಸಿತು. ಆಹಾ, ತಾನೂ ಪಕ್ಕದಲ್ಲಿ ಉರುಳಿಕೊಂಡರೆ! ಆದರೆ ಮಳೆ ನಿಲ್ಲಬೇಕಲ್ಲ. ಒಂದೊಂದು ಸಲ ಕಡಿಮೆಯಾದಂತೆ ಕೇಳಿಸುತ್ತಿತ್ತು. ಇನ್ನೇನು ನಿಂತಿತು, ಕೊನೆಯದೊಂದು ಸುತ್ತು ಎಂದು ಸೊಪ್ಪು ಹಾಕುತ್ತಿದ್ದ. ಹಾಕಿದ ಸ್ವಲ್ಪ ಹೊತ್ತಿಗೆ ಮಳೆ ಮತ್ತೆ ಜೋರಾಗುತ್ತಿತ್ತು.

ಬೆಳಿಗ್ಗೆ ವೆಂಕಟರತ್ನಮ್ಮ ಬಾಗಿಲು ತೆಗೆದಾಗ ಅವನ ಕಣ್ಣುಗಳು ಒಣಮೆಣಸಿನಕಾಯಿಯಂತಾಗಿದ್ದವು. ಹೊರಗೆ ಬಿಸಿಲು. ಬಂಡೆ ಒಣಗಿ ಬೆಳ್ಳಗಿತ್ತು.

“ಅಬ್ಬಾ, ಈಗ್ಲಾದ್ರೂ ನಿಂತಿತಲ್ಲ!”

“ಯಾ ಮಳೆ ನಾಯ್ನಾ? ನಾನು ಮನೆ ಸೇರಿದ ಗಳಿಗೇಲೇ ನಿಂತೋಯ್ತು. ರಾತ್ರಿಯೆಲ್ಲ ಹಾಲು ಚೆಲ್ದಂಗೆ ಬೆಳದಿಂಗಳು.”

“ಮತ್ತೆ ಆ ಸದ್ದು?”

“ಹುಳ ಮೇಯೋ ಸದ್ದು! ಸೊಪ್ಪು ಹಾಕ್ದಂಗೆಲ್ಲ ಬತ್ತೈತೆ.”

ನಂದೀಶ ಹೆಂಡತಿಯ ಕಡೆ ತಿರುಗಿದ. ಅವಳು ಸೆರಗಿನ ತುದಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು.

“ತವರು ಶ್ರೀನಿವಾಸಪುರದಲ್ಲಿ ನಾನು ಹುಳದ ಮನೇಲೇ ಬೆಳೆದಿದ್ದು ಕಣ್ರೀ. ಈ ಸದ್ದು ಕೇಳಿ ಎಷ್ಟು ದಿನ ಆಗಿತ್ತು! ಇದು ಮಳೆ ಸದ್ದಲ್ಲ ಅಂದಿದ್ರೆ ಎಬ್ಬಿಸಿ ನಕ್ಷತ್ರ ತೋರ್ಸೋಕೆ ಕರ್ಕೊಂಡ್ ಹೋಗ್ತಿದ್ರಿ.”

ಅವನಿಗೆ ಸಿಟ್ಟು ಬರಲಿಲ್ಲ. ಅವಳ ಕಣ್ಣು ಇಷ್ಟು ಬೆಳ್ಳಗಿರುವುದನ್ನು ಅವನು ಮದುವೆಯ ದಿನವಷ್ಟೇ ನೋಡಿದ್ದ. ಲಾರಿಯೇ ಅಪರಾಧಿ ಎಂದು ಸಾಬೀತಾದ ಖುಷಿಯಲ್ಲಿ ಬೈಕು ಹತ್ತಿದ.

ಬೀದಿಯಲ್ಲಿ ಶ್ರೀನಿವಾಸಪ್ಪನವರು ಕಾದಿದ್ದರು. “ನಿದ್ದೆ ಬಂತೇನಮ್ಮಾ?”

“ಸೊಗಸಾಗಿ ಬಂತು ಅಂಕಲ್.”

“ಇವನಿಗೆ?”

“ಪಾಪ, ಇವ್ರು ರಾತ್ರಿಯೆಲ್ಲ ಕಣ್ಣೇ ಮುಚ್ಚಿಲ್ಲ.”

“ನೋಡುದ್ರಾ!” ಶ್ರೀನಿವಾಸಪ್ಪನವರು ಇಡೀ ಬೀದಿಗೆ ತೀರ್ಪು ಓದಿದರು. “ಇವನು ಎಚ್ಚರ ಇದ್ರೆ ಅವಳಿಗೆ ನಿದ್ದೆ. ಇನ್ನೇನ್ ಸಾಕ್ಷಿ ಬೇಕ್ರಪ್ಪಾ?”

ನಂದೀಶ ಬಾಯಿ ತೆರೆದ. ಅಲ್ಲಿಂದ ಹೊರಟದ್ದು ಬರೀ ಆಕಳಿಕೆ.

ಆ ರಾತ್ರಿ ಧನಶ್ರೀ ಮತ್ತೆ ಹೊರಳಾಡತೊಡಗಿದಳು. ನಂದೀಶ ಎದ್ದು ಕೂತು, ಹಳೆಯ ಪೇಪರೊಂದನ್ನು ಅವಳ ಕಿವಿಯ ಹತ್ತಿರ ಸಣ್ಣಗೆ, ಒಂದೇ ಸಮನೆ ಹರಿಯತೊಡಗಿದ. ಸರಸರ ಸರಸರ. ಅವಳು ನಿದ್ದೆಯ ಅಂಚಿನಲ್ಲೇ ನಕ್ಕು, ಅವನ ಮಂಡಿ ಹಿಡಿದು, ನಿದ್ದೆಗೆ ಜಾರಿದಳು.

ಆ ಹೊತ್ತಿನಲ್ಲಿ ಆ ಮನೆಯಲ್ಲಿ ನಂದೀಶ ಎಚ್ಚರವಾಗಿದ್ದದ್ದು ಅದೇ ಮೊದಲು. ಲಾರಿ ಏರು ಹತ್ತುವ ಸದ್ದು ಅವನಿಗೂ ಕೇಳಿಸಿತು. ಬಂತು, ನಿಂತಿತು, ಮತ್ತೆ ಬಂತು. ಅವನು ಮೆಲ್ಲಗೆ ಗೋಡೆಗೆ ಕಿವಿ ಇಟ್ಟ. ಗೋಡೆಯ ಆಚೆ ಶ್ರೀನಿವಾಸಪ್ಪನವರು ನಿದ್ದೆ ಮಾಡುತ್ತಿದ್ದರು. ಹಿಂದಿನ ಸೀಟಿಗೂ ಕೇಳಿಸುವಂತೆ.

ಗೋಡೆ ಗುದ್ದಿ ಬೀದಿಯನ್ನೆಲ್ಲ ಎಬ್ಬಿಸೋಣವೆಂದು ನಂದೀಶ ಮುಷ್ಟಿ ಎತ್ತಿದ. ಧನಶ್ರೀಯೂ ಎದ್ದುಬಿಡುತ್ತಾಳಲ್ಲ! ಮುಷ್ಟಿ ಇಳಿಸಿ, ಹರಿಯಲು ಇನ್ನೊಂದು ಹಾಳೆ ತೆಗೆದುಕೊಂಡ.